ವಿನಾಯಿತಿಯ ಹೊರೆ ಯಾರ ಹೆಗಲಿಗೆ?

ವಿನಾಯಿತಿ ಎಂಬ ಮಾತು ಕಿವಿಗೆ ಬಹಳ ಹಿತವಾದುದು. ಕಂದಾಯದಲ್ಲಿ ವಿನಾಯಿತಿ, ಬಡ್ಡಿಯಲ್ಲಿ ವಿನಾಯಿತಿ, ಬಸ್ಸಿನ ದರದಲ್ಲಿ ವಿನಾಯಿತಿ ಎಂದರೆ ಬೇಡವೆನ್ನುವವರು ಯಾರೂ ಇಲ್ಲ. ಆದರೆ ವಿನಾಯಿತಿಗೂ ಒಂದು ಲೆಕ್ಕವಿದೆ. ಹತ್ತು ಜನ ಸೇರಿ ಹೊರಬೇಕಾದ ಹೊರೆಯಲ್ಲಿ ನಾಲ್ವರಿಗೆ ವಿನಾಯಿತಿ ಕೊಟ್ಟರೆ ಹೊರೆಯ ತೂಕವೇನೂ ಇಳಿಯುವುದಿಲ್ಲ. ಉಳಿದ ಆರು ಜನರ ಹೆಗಲ ಮೇಲೆ ಅದು ಹೆಚ್ಚಾಗಿ ಕೂರುತ್ತದೆ. ನಮ್ಮ ನಾಡಿನ ಪ್ರಾಥಮಿಕ ಶಿಕ್ಷಣದಲ್ಲಿ ಕಳೆದ ಮೂವತ್ತು ವರ್ಷಗಳಿಂದ ಒಂದಾದಮೇಲೊಂದರಂತೆ ಬಂದ ವಿನಾಯಿತಿಗಳನ್ನು ಈ ಲೆಕ್ಕದಲ್ಲಿ ಇಟ್ಟು ನೋಡಬೇಕೆಂದು ನಮಗೆ ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಲಿಂಗಾಯತ ಕುಟುಂಬಗಳ ಕೈಸೇರುವ ಈ ಪತ್ರಿಕೆಯಲ್ಲಿ ಆ ಮಾತನ್ನು ಆಡುವುದಕ್ಕೆ ವಿಶೇಷ ಕಾರಣವೂ ಉಂಟು. ಅದನ್ನು ಮುಂದೆ ನಿವೇದಿಸುತ್ತೇವೆ.

ನಾವು ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದವರು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯವಿರುವ ಊರು. ಕಬ್ಬು, ರಾಗಿ, ತೆಂಗು ನಂಬಿ ಬದುಕುವ ಸೀಮೆ. ಇತ್ತ ಪಾಂಡವಪುರ, ಶ್ರೀರಂಗಪಟ್ಟಣ, ಅತ್ತ ನಾಗಮಂಗಲ; ಈ ನಾಲ್ಕೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ಈಗ ಕಾಣುವ ದೃಶ್ಯ ಒಂದೇ. ಹಳದಿ ಬಣ್ಣದ ವ್ಯಾನುಗಳು ಊರ ಮುಂದೆ ಬಂದು ನಿಲ್ಲುತ್ತವೆ. ಟೈ ಕಟ್ಟಿಕೊಂಡ ಮಕ್ಕಳು ಹತ್ತುತ್ತಾರೆ. ಅರ್ಧ ತಾಸಿನ ನಂತರ ಉಳಿದ ಮಕ್ಕಳು ನಡೆದುಕೊಂಡು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಈ ಉಳಿದ ಮಕ್ಕಳು ಯಾರು ಎಂದು ಕೇಳಿದರೆ, ವ್ಯಾನಿನ ಬಾಡಿಗೆ ಕೊಡಲಾರದವರ ಮಕ್ಕಳು. ಕೂಲಿಗೆ ಹೋಗುವವರು, ಕಬ್ಬು ಕಡಿಯಲು ಬಂದು ಬಿಡಾರ ಹೂಡಿದವರು, ತಂದೆಯಿಲ್ಲದ ಮನೆಯವರು. ಒಂದು ಊರಿನ ಮಕ್ಕಳು ಎರಡು ಸಾಲಾಗಿ ಒಡೆದುಹೋದುದು ನಮ್ಮ ಕಣ್ಣ ಮುಂದೆಯೇ. ಅದು ತಾನಾಗಿ ಆದುದಲ್ಲ. ಅದರ ಹಿಂದೆ ಆದೇಶಗಳಿವೆ, ತೀರ್ಪುಗಳಿವೆ, ತಿದ್ದುಪಡಿಗಳಿವೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ವಿನಾಯಿತಿಯೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಬಡ ವಿದ್ಯಾರ್ಥಿಗೆ ಶುಲ್ಕ ವಿನಾಯಿತಿ ಇಲ್ಲದಿದ್ದರೆ ನಮ್ಮ ಪೀಳಿಗೆಯ ಎಷ್ಟೋ ಮಂದಿ ಪ್ರೌಢಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ತಹಸೀಲ್ದಾರರ ಕಛೇರಿಯಿಂದ ಆದಾಯದ ಸರ್ಟಿಫಿಕೇಟು ತಂದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟು ನಿಟ್ಟುಸಿರು ಬಿಟ್ಟವರು ಈ ಪತ್ರಿಕೆಯ ಓದುಗರಲ್ಲೂ ಇದ್ದೀರಿ. ಇದು ದುರ್ಬಲನ ಹೊರೆಯನ್ನು ಇಳಿಸುವ ವಿನಾಯಿತಿ. ೨೦೦೨ರ ಜೂನ್‌ನಲ್ಲಿ ನಮ್ಮ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಇತರ ಜಿಲ್ಲೆಗಳಿಗೂ ವಿಸ್ತರಿಸಿದ ಶಾಲಾ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂಬ ಹೆಸರಿಟ್ಟಾಗ ನಮಗೆಲ್ಲ ಸಂತೋಷವಾಯಿತು. ಶರಣರು ಕೊಟ್ಟ ಪದವೊಂದು ಸರ್ಕಾರಿ ಶಾಲೆಯ ಗೋಡೆಯ ಮೇಲೆ ಬಂದು ಕುಳಿತಿತು. ಇದ್ದವನು ಇಲ್ಲದವನೊಡನೆ ಹಂಚಿಕೊಳ್ಳುವುದು ದಾಸೋಹ.

ಇನ್ನೊಂದು ಬಗೆಯ ವಿನಾಯಿತಿ ಇದಕ್ಕೆ ತೀರ ವಿರುದ್ಧವಾದುದು. ಅದು ಬಲವಂತನ ಹೊಣೆಯನ್ನು ಇಳಿಸುತ್ತದೆ. ನಮ್ಮ ಚಿಂತೆ ಇರುವುದು ಈ ಎರಡನೆಯದರ ಬಗ್ಗೆ.

ಸಂಸತ್ತು ೨೦೦೯ರಲ್ಲಿ ಅಂಗೀಕರಿಸಿ, ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯನ್ನು ಓದುಗರು ಬಲ್ಲರು. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡುವುದು ಅದರ ಗುರಿ. ಆ ಕಾಯ್ದೆಯ ಹನ್ನೆರಡನೆಯ ಕಲಮಿನಲ್ಲಿ ಒಂದು ದಿಟ್ಟ ಮಾತಿತ್ತು. ಅನುದಾನರಹಿತ ಖಾಸಗಿ ಶಾಲೆಗಳೂ ಪ್ರವೇಶದ ತರಗತಿಯಲ್ಲಿ ಶೇಕಡಾ ೨೫ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಮೀಸಲಿಡಬೇಕು; ಅದರ ವೆಚ್ಚವನ್ನು ಸರ್ಕಾರ ಒಂದು ಮಿತಿಯೊಳಗೆ ಮರಳಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಈ ಮಿತಿ ಒಂದನೆಯ ತರಗತಿಯ ಮಗುವಿಗೆ ವರ್ಷಕ್ಕೆ ೧೬,೦೦೦ ರೂಪಾಯಿಗಳವರೆಗೆ ಏರಿತು. ೨೦೧೨ರಿಂದ ಇಲ್ಲಿ ಈ ಪ್ರವೇಶಗಳು ಆರಂಭವಾದವು. ಜಮೀನ್ದಾರನ ಮಗುವೂ ಜೀತದಾಳಾಗಿದ್ದವನ ಮೊಮ್ಮಗುವೂ ಒಂದೇ ಬೆಂಚಿನ ಮೇಲೆ ಕೂರುವ ಕಾಲ ಬಂತೆಂದು ಹಲವರು ಹರ್ಷಿಸಿದರು.

ಆ ಹರ್ಷದ ಜೊತೆಯಲ್ಲೇ ವಿನಾಯಿತಿಗಳ ಸಾಲೂ ಆರಂಭವಾಯಿತು. ೨೦೧೨ರ ಏಪ್ರಿಲ್ ೧೨ರಂದು ಸರ್ವೋಚ್ಚ ನ್ಯಾಯಾಲಯ ಶೇಕಡಾ ೨೫ರ ನಿಯಮವನ್ನು ಎತ್ತಿಹಿಡಿಯಿತಾದರೂ ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಅದರಿಂದ ಹೊರಗಿಟ್ಟಿತು. ೨೦೧೪ರ ಮೇ ೬ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಪ್ರಮತಿ ಟ್ರಸ್ಟಿನ ಪ್ರಕರಣದಲ್ಲಿ ತೀರ್ಪಿತ್ತು, ಅನುದಾನ ಪಡೆಯಲಿ ಬಿಡಲಿ, ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆಯೇ ಅನ್ವಯಿಸದು ಎಂದಿತು. ಸಂವಿಧಾನದ ಮೂವತ್ತನೆಯ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದು ಉದಾತ್ತವಾದ ಹಕ್ಕು. ತಮ್ಮ ಭಾಷೆ, ಧರ್ಮ, ಸಂಸ್ಕೃತಿ ಅಳಿಯಬಾರದೆಂಬ ಕಾಳಜಿಯಿಂದ ಹುಟ್ಟಿದ್ದು. ಅದನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಮಕ್ಕಳ ಹಕ್ಕುಗಳ ರಕ್ಷಣೆಯ ರಾಷ್ಟ್ರೀಯ ಆಯೋಗವು ೨೦೨೧ರಲ್ಲಿ ಹೊರತಂದ ವರದಿಯನ್ನು ನೋಡಿದರೆ, ಇಂಥ ಶಾಲೆಗಳಲ್ಲಿ ಓದುವ ಮಕ್ಕಳಲ್ಲಿ ಶೇಕಡಾ ೬೨.೫ರಷ್ಟು ಮಂದಿ ಅಲ್ಪಸಂಖ್ಯಾತೇತರರು. ಸಾಮಾಜಿಕವಾಗಿ, ಆರ್ಥಿಕವಾಗಿ ದುರ್ಬಲರಾದವರು ಶೇಕಡಾ ೯ನ್ನೂ ಮುಟ್ಟುವುದಿಲ್ಲ. ಸಂಸ್ಕೃತಿಯ ರಕ್ಷಣೆಗಾಗಿ ಕೊಟ್ಟ ಬಾಗಿಲು ಬಡವನ ಪ್ರವೇಶವನ್ನು ತಡೆಯುವ ಬಾಗಿಲೂ ಆಯಿತೆಂಬ ಸಂದೇಹ ನ್ಯಾಯಾಲಯಕ್ಕೇ ಬಂದಿದೆ. ೨೦೨೫ರ ಸೆಪ್ಟೆಂಬರ್ ೧ರಂದು ಸರ್ವೋಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವೊಂದು ೨೦೧೪ರ ತೀರ್ಪನ್ನು ಮತ್ತೆ ಪರಿಶೀಲಿಸಬೇಕೆಂಬ ಅಭಿಪ್ರಾಯದಿಂದ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ನಮ್ಮ ರಾಜ್ಯದ ಮಟ್ಟಿಗೆ ದೊಡ್ಡ ಪೆಟ್ಟು ಬಿದ್ದದ್ದು ೨೦೧೯ರಲ್ಲಿ. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಗೆ ಶೇಕಡಾ ೨೫ರ ಹೊಣೆ ಇಲ್ಲವೆಂದು ರಾಜ್ಯ ಸರ್ಕಾರ ನಿಯಮವನ್ನು ತಿದ್ದಿತು. ಅದೇ ವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಹಿಂದಿನ ವರ್ಷ ಒಂದು ಲಕ್ಷಕ್ಕೂ ಮಿಗಿಲಾಗಿದ್ದ ಸೀಟುಗಳು ಆ ವರ್ಷ ಇಪ್ಪತ್ತು ಸಾವಿರಕ್ಕಿಂತ ಕೆಳಗಿಳಿದವು. ನೆರೆಯ ಮಹಾರಾಷ್ಟ್ರವೂ ೨೦೨೪ರ ಫೆಬ್ರವರಿಯಲ್ಲಿ ಇಂಥದೇ ನಿಯಮ ತಂದಿತು. ಅಲ್ಲಿ ಮಾತ್ರ ಮುಂಬಯಿ ಉಚ್ಚ ನ್ಯಾಯಾಲಯ ಜುಲೈನಲ್ಲಿ ಅದನ್ನು ರದ್ದುಮಾಡಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ತೀರ್ಪನ್ನೇ ಉಳಿಸಿತು.

೨೦೧೯ರ ತಿದ್ದುಪಡಿಗೆ ಸರ್ಕಾರ ಕೊಟ್ಟ ಕಾರಣ ತಳ್ಳಿಹಾಕುವಂಥದಲ್ಲ. ಸರ್ಕಾರವೇ ದುಡ್ಡು ಕೊಟ್ಟು ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಿದರೆ ಸರ್ಕಾರಿ ಶಾಲೆಗಳು ಬರಿದಾಗವೇ ಎಂಬ ಪ್ರಶ್ನೆಯಲ್ಲಿ ಸತ್ಯವಿತ್ತು. ಸರ್ಕಾರಿ ಶಾಲೆಯನ್ನು ಪ್ರೀತಿಸುವ ಎಷ್ಟೋ ಮಂದಿ ಹಿರಿಯರು ಶೇಕಡಾ ೨೫ರ ನಿಯಮವನ್ನು ಮೊದಲಿನಿಂದಲೂ ವಿರೋಧಿಸಿದ್ದರು. ಆದರೆ ಆ ವರ್ಷದ ಬೇಸಿಗೆಯಲ್ಲಿ ನಮ್ಮ ಸೀಮೆಯ ಒಂದು ಊರಿನ ತಾಯಿಯೊಬ್ಬಳು ನಮ್ಮೊಡನೆ ಆಡಿದ ಮಾತಿಗೆ ಯಾವ ಆದೇಶದಲ್ಲೂ ಉತ್ತರ ಸಿಕ್ಕಲಿಲ್ಲ. “ಸ್ವಾಮಿ, ನಿಮ್ಮ ಕೂಸನ್ನೂ ಸೇರಿಸ್ಕತೀವಿ, ಸರ್ಕಾರದೋರೇ ಫೀಜು ಕಟ್ತಾರೆ ಅಂತಿದ್ರು. ಈಗ ಹೋದ್ರೆ, ನಿಮ್ಮೂರಲ್ಲೇ ಸರ್ಕಾರಿ ಇಸ್ಕೂಲು ಅದಲ್ಲ, ಇಲ್ಲಿಗ್ಯಾಕೆ ಬರ್ತೀರಿ ಅಂತಾರೆ. ದುಡ್ಡಿರೋರ ಮಗೀಗೂ ಅದೇ ಊರು, ಅದೇ ಇಸ್ಕೂಲು ಅಲ್ವಾ? ಅವರಿಗೆ ಯಾಕೆ ಈ ಮಾತು ಹೇಳಾಕಿಲ್ಲ?” ಎಂದಳು.

ಅವಳ ಪ್ರಶ್ನೆಯೇ ಈ ವಿಷಯದ ತಿರುಳು. ಊರಿನಲ್ಲಿ ಸರ್ಕಾರಿ ಶಾಲೆ ಇದೆಯೆಂಬ ಕಾರಣ ಬಡವನ ಮಗುವನ್ನು ಮಾತ್ರ ಕಟ್ಟಿಹಾಕಿತು. ಉಳ್ಳವನ ಮಗು ಎಂದಿನಂತೆ ವ್ಯಾನು ಹತ್ತಿತು. ಸರ್ಕಾರಿ ಶಾಲೆಯನ್ನು ಉಳಿಸುವ ಹೆಸರಿನಲ್ಲಿ ಬಂದ ವಿನಾಯಿತಿ ಅದನ್ನು ಬಡವರಿಗಷ್ಟೇ ಮೀಸಲಾದ ಶಾಲೆಯನ್ನಾಗಿ ಇನ್ನಷ್ಟು ಗಟ್ಟಿಮಾಡಿತು.

ಬಡವರಷ್ಟೇ ಉಳಿದರೆ ಶಾಲೆಗೆ ಏನಾಗುತ್ತದೆ? ಇದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಶಾಲೆ ಕ್ಷೀಣಿಸುವುದು ಒಂದೇ ದಿನದಲ್ಲಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಬಂಧದ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು, ಅರವತ್ತೊಂದರಿಂದ ತೊಂಬತ್ತರವರೆಗೆ ಮೂವರು. ಒಂದು ಊರಿನ ಶಾಲೆಯಲ್ಲಿ ಅರವತ್ತನಾಲ್ಕು ಮಕ್ಕಳಿದ್ದರೆಂದು ಇಟ್ಟುಕೊಳ್ಳೋಣ. ಐದು ಮನೆಯವರು ತಮ್ಮ ಮಕ್ಕಳನ್ನು ಬಿಡಿಸಿದರೆ ಉಳಿಯುವುದು ಐವತ್ತೊಂಬತ್ತು. ಹೋದವರು ಐದು ಮಕ್ಕಳು. ಆದರೆ ಶಿಕ್ಷಕರಲ್ಲಿ ಒಬ್ಬರು ‘ಹೆಚ್ಚುವರಿ’ ಎನಿಸಿ ಬೇರೆ ಶಾಲೆಗೆ ಹೋಗಬೇಕಾಗುತ್ತದೆ. ಐದು ತರಗತಿಗಳಿಗೆ ಉಳಿದವರು ಇಬ್ಬರು. ಅವರಲ್ಲೊಬ್ಬರು ತರಬೇತಿಗೋ ಸಭೆಗೋ ಹೋದ ದಿನ ಇಡೀ ಶಾಲೆಗೆ ಒಬ್ಬರೇ. ಒಂದರಿಂದ ಮೂರನೆಯ ತರಗತಿಯವರೆಗೆ ‘ನಲಿಕಲಿ’ಯಲ್ಲಿ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿಯಿದೆ. ೧೯೯೫ರ ಸುಮಾರಿಗೆ ನಮ್ಮ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ರೂಪಿಸಿದ ಒಳ್ಳೆಯ ಪದ್ಧತಿ ಅದು. ಆದರೆ ನಾಲ್ಕು, ಐದನೆಯ ತರಗತಿಗಳೂ ಅದೇ ಕೋಣೆಗೆ ಬಂದು ಸೇರಿದರೆ ಯಾವ ಪದ್ಧತಿ ತಾನೇ ಉಳಿದೀತು? ಇದನ್ನು ಕಂಡ ಆರನೆಯ ಮನೆಯವರೂ ಸಾಲ ಮಾಡಿಯಾದರೂ ಮಗುವನ್ನು ವ್ಯಾನು ಹತ್ತಿಸುತ್ತಾರೆ. ಅವರನ್ನು ದೂರುವುದು ಹೇಗೆ?

ಇನ್ನೊಂದು ನಷ್ಟ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ೨೦೦೧ರಲ್ಲಿ ನಮ್ಮ ರಾಜ್ಯ ಪ್ರತಿ ಸರ್ಕಾರಿ ಶಾಲೆಗೂ ಒಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ರಚಿಸಿತು. ಎಸ್‌ಡಿಎಂಸಿ ಎಂದು ಎಲ್ಲರೂ ಬಲ್ಲ ಸಮಿತಿ ಇದೇ. ಮಕ್ಕಳ ತಂದೆತಾಯಿಗಳೇ ಅದರ ಸದಸ್ಯರು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂಥ ಮನೆಗಳ ಮಕ್ಕಳು ಶಾಲೆಯಲ್ಲಿದ್ದಾಗ ಛಾವಣಿ ಸೋರಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೆ ಹೋಗಿ ಕೇಳುವವರಿರುತ್ತಿದ್ದರು. ಶೌಚಾಲಯಕ್ಕೆ ನೀರಿಲ್ಲದಿದ್ದರೆ ಗ್ರಾಮ ಪಂಚಾಯತಿಯಲ್ಲಿ ಜೋರು ಮಾಡುವವರಿರುತ್ತಿದ್ದರು. ಆ ಮನೆಗಳು ಹೊರಟುಹೋದಮೇಲೆ ಸಮಿತಿಯಲ್ಲಿ ಉಳಿದವರು ದಿನಗೂಲಿ ಬಿಟ್ಟು ಬರಲಾರದವರು. ಕಛೇರಿಯ ಬಾಗಿಲಲ್ಲಿ ಅವರಿಗೆ ಕುರ್ಚಿ ಹಾಕುವವರಿಲ್ಲ. ಶಾಲೆಯಿಂದ ಹೋದದ್ದು ಮಕ್ಕಳ ಸಂಖ್ಯೆ ಮಾತ್ರವಲ್ಲ, ಶಾಲೆಯ ದನಿಯೂ ಹೋಯಿತು.

ಭಾಷೆಯ ವಿಷಯದಲ್ಲಿ ನಡೆದದ್ದೂ ಇದೇ ಕಥೆ. ೧೯೯೪ರ ಏಪ್ರಿಲ್ ೨೯ರ ಆದೇಶದಲ್ಲಿ ಸರ್ಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಕಲಿಕೆಯ ಮಾಧ್ಯಮವಾಗಬೇಕೆಂದು ಗೊತ್ತುಪಡಿಸಿತು. ಎಲ್ಲ ಶಾಲೆಗಳಿಗೂ ಒಂದೇ ನಿಯಮವೆಂಬುದು ಅದರ ಬಲ. ಆದರೆ ೨೦೦೮ರ ಜುಲೈನಲ್ಲಿ ಉಚ್ಚ ನ್ಯಾಯಾಲಯ ಅನುದಾನರಹಿತ ಶಾಲೆಗಳನ್ನು ಅದರಿಂದ ಬಿಡಿಸಿತು. ೨೦೧೪ರ ಮೇ ೬ರಂದು, ಅಂದರೆ ಅಲ್ಪಸಂಖ್ಯಾತ ಶಾಲೆಗಳ ತೀರ್ಪು ಬಂದ ದಿನವೇ, ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದಿತು. ತಂದೆತಾಯಿಗಳ ಆಯ್ಕೆಯ ಹಕ್ಕು ದೊಡ್ಡದೆಂಬುದನ್ನು ಒಪ್ಪೋಣ. ಅದರ ಫಲ ಏನಾಯಿತೆಂದರೆ, ಕನ್ನಡ ಮಾಧ್ಯಮದ ಹೊಣೆ ಸರ್ಕಾರಿ ಶಾಲೆಯೊಂದರ ಪಾಲಿಗೆ ಉಳಿಯಿತು. ಇಂಗ್ಲಿಷು ಬೇಕೆನ್ನುವವರು ದುಡ್ಡು ಕೊಟ್ಟು ಪಡೆದರು. ಕೊಡಲಾರದವರು ನಮಗೇಕಿಲ್ಲ ಎಂದು ಕೇಳಿದರು. ಕೇಳಿದ್ದು ತಪ್ಪೆನ್ನಲಾಗದು. ಕೊನೆಗೆ ೨೦೧೯ರಲ್ಲಿ ಸರ್ಕಾರವೇ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಖಾಸಗಿ ಶಾಲೆಗೆಂದು ಕೊಟ್ಟ ವಿನಾಯಿತಿ ಐದೇ ವರ್ಷಗಳಲ್ಲಿ ಸರ್ಕಾರಿ ಶಾಲೆಯ ಅಡಿಪಾಯಕ್ಕೇ ಬಂದು ತಗುಲಿತು.

ಖಾಸಗಿಯವರನ್ನಷ್ಟೇ ಹೇಳಿದರೆ ನ್ಯಾಯವಾಗದು. ಸರ್ಕಾರ ತನಗೆ ತಾನೇ ಕೊಟ್ಟುಕೊಳ್ಳುವ ವಿನಾಯಿತಿಗಳೂ ಇವೆ. ಶಿಕ್ಷಣ ಹಕ್ಕು ಕಾಯ್ದೆಯ ಇಪ್ಪತ್ತೇಳನೆಯ ಕಲಮು ಶಿಕ್ಷಕರನ್ನು ಪಾಠವಲ್ಲದ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತಿನ ಪರಿಹಾರ ಮತ್ತು ಚುನಾವಣೆ ಇವಿಷ್ಟೇ ಅದಕ್ಕೆ ಅಪವಾದ. ೨೦೨೫ರ ಸೆಪ್ಟೆಂಬರ್ ೨೨ರಿಂದ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಗೆ ಬಂದವರು ಬಹುಪಾಲು ಶಿಕ್ಷಕರೇ. ಧರ್ಮದ ಅಂಕಣದಲ್ಲಿ ಏನು ಬರೆಸಬೇಕೆಂದು ನಮ್ಮ ಸಮಾಜದಲ್ಲಿ ಆಗ ಬಿಸಿ ಚರ್ಚೆ ನಡೆಯಿತು. ಆದರೆ ಬಾಗಿಲಲ್ಲಿ ನಿಂತಿದ್ದ ಶಿಕ್ಷಕಿ ಯಾವ ಶಾಲೆಯನ್ನು ಬಿಟ್ಟು ಬಂದಿದ್ದಾಳೆಂದು ಕೇಳಿದವರು ಕಡಿಮೆ. ಸಮೀಕ್ಷೆ ಮುಗಿಯದ ಕಾರಣ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ ೧೮ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಡವೆಂದು ನಾವು ಹೇಳುವುದಿಲ್ಲ. ಇಡೀ ನಾಡಿಗೆ ಬೇಕಾದ ಕೆಲಸದ ಬೆಲೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಮಾತ್ರ ತಮ್ಮ ಪಾಠದ ದಿನಗಳಿಂದ ತೆತ್ತರೆಂಬುದನ್ನು ಮರೆಯಬಾರದೆನ್ನುತ್ತೇವೆ.

ಹೀಗೆ ವರ್ಷವೆಲ್ಲ ಕೊರತೆಯಾದುದನ್ನು ಕೊನೆಗೆ ಇನ್ನೊಂದು ವಿನಾಯಿತಿಯಿಂದ ಮುಚ್ಚುವುದುಂಟು. ೨೦೨೪ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ನಿಗಾ ಬಿಗಿಯಾದಾಗ ಫಲಿತಾಂಶ ಕುಸಿಯಿತು. ಆ ವರ್ಷದ ಮಟ್ಟಿಗೆಂದು ಶೇಕಡಾ ೨೦ರವರೆಗೆ ಕೃಪಾಂಕ ಕೊಟ್ಟ ಮೇಲೆ ತೇರ್ಗಡೆ ಶೇಕಡಾ ೭೩.೪೦ಕ್ಕೆ ನಿಂತಿತು. ೨೦೨೫ರಲ್ಲಿ ಆ ಕೃಪಾಂಕವನ್ನು ಕೈಬಿಟ್ಟಾಗ ಅದು ಶೇಕಡಾ ೬೨.೩೪ಕ್ಕೆ ಇಳಿಯಿತು. ಕೃಪಾಂಕ ಮಗುವಿಗೆ ಆ ಕ್ಷಣದ ಆಸರೆ ನಿಜ. ಆದರೆ ಶಿಕ್ಷಕರಿಲ್ಲದ ಶಾಲೆಗೆ ಶಿಕ್ಷಕರನ್ನು ಕೊಡದೆ ಅಂಕ ಕೊಟ್ಟರೆ ಹಸಿದವನಿಗೆ ಊಟದ ಬದಲು ಊಟವಾಯಿತೆಂಬ ಚೀಟಿ ಕೊಟ್ಟಂತಾಗುತ್ತದೆ.

ಬೇರೆ ದೇಶಗಳಲ್ಲಿ ಹೀಗಾಗಿಲ್ಲವೇ ಎಂದು ಕೇಳಬಹುದು. ಆಗಿದೆ. ಅಮೆರಿಕದಲ್ಲಿ ೨೦೦೨ರಲ್ಲಿ ಬಂದ ಶಾಲಾ ಕಾಯ್ದೆಯು ೨೦೧೪ರೊಳಗೆ ಪ್ರತಿ ಮಗುವೂ ಓದಿನಲ್ಲಿ, ಗಣಿತದಲ್ಲಿ ಗೊತ್ತಾದ ಮಟ್ಟ ಮುಟ್ಟಬೇಕೆಂದು ವಿಧಿಸಿತ್ತು. ಅದು ಆಗದ ಮಾತೆಂದು ಕಂಡಾಗ ೨೦೧೧ರಿಂದ ಅಲ್ಲಿನ ಕೇಂದ್ರ ಸರ್ಕಾರ ನಲವತ್ತಕ್ಕೂ ಹೆಚ್ಚು ರಾಜ್ಯಗಳಿಗೆ ವಿನಾಯಿತಿ ಕೊಟ್ಟಿತು. ಅಲ್ಲಿಯೂ ವಾದವಿವಾದಗಳಾದವು, ೨೦೧೫ರಲ್ಲಿ ಕಾಯ್ದೆಯೇ ಬದಲಾಯಿತು. ಆದರೆ ಅಲ್ಲಿ ವಿನಾಯಿತಿ ಬೇಕೆಂದ ರಾಜ್ಯ, ಹಿಂದುಳಿದ ಶಾಲೆಗಳನ್ನು ಹೇಗೆ ಮೇಲೆತ್ತುತ್ತೇವೆಂಬ ಯೋಜನೆಯನ್ನು ಬರೆದುಕೊಡಬೇಕಿತ್ತು. ಒಂದು ಹೊಣೆಯನ್ನು ಇಳಿಸಿದರೆ ಬದಲಿಗೆ ಇನ್ನೊಂದನ್ನು ಹೊರಿಸುವ ಕ್ರಮವಿತ್ತು. ನಮ್ಮಲ್ಲಿ ೨೦೧೯ರ ವಿನಾಯಿತಿಯನ್ನು ಪಡೆದ ಶಾಲೆಗಳಿಂದ ಬದಲಿಗೆ ಏನನ್ನು ಕೇಳಲಾಯಿತು? ಮಕ್ಕಳ ವೆಚ್ಚಕ್ಕೆಂದು ಹೋಗುತ್ತಿದ್ದ ಹಣ ಉಳಿಯಿತಲ್ಲ, ಅದು ಅದೇ ಊರಿನ ಸರ್ಕಾರಿ ಶಾಲೆಗೆ ಸೇರಲೇಬೇಕೆಂದು ಕಟ್ಟುಪಾಡು ಮಾಡಬಹುದಿತ್ತಲ್ಲವೇ?

ಇನ್ನು ನಮ್ಮ ಸಮಾಜದ ಮಾತಿಗೆ ಬರುತ್ತೇವೆ. ಆರಂಭದಲ್ಲಿ ಹೇಳಿದ ವಿಶೇಷ ಕಾರಣ ಇದು. ೨೦೧೮ರ ಮಾರ್ಚ್‌ನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ರಾಜ್ಯ ಸಚಿವ ಸಂಪುಟ ನಮಗೆ ಧಾರ್ಮಿಕ ಅಲ್ಪಸಂಖ್ಯಾತರ ಸ್ಥಾನ ದೊರೆಯಬೇಕೆಂದು ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಅದನ್ನು ಒಪ್ಪಲಿಲ್ಲ. ಈ ಬೇಡಿಕೆಯ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯಗಳಿವೆ. ಎರಡೂ ಕಡೆ ಪೂಜ್ಯರಿದ್ದಾರೆ, ವಿದ್ವಾಂಸರಿದ್ದಾರೆ. ಆ ತರ್ಕಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಜಗಲಿಯ ಮೇಲೆ ಕುಳಿತ ಬಂಧುಗಳು ಈ ಸ್ಥಾನದಿಂದ ಆಗುವ ಲಾಭಗಳನ್ನು ಎಣಿಸುವಾಗ ಒಬ್ಬರು, “ನಮ್ಮ ಸಂಸ್ಥೆಗಳಿಗೆ ಆ ಆರ್‌ಟಿಇ ಕಾಟವೂ ತಪ್ಪುತ್ತೆ, ಅಣ್ಣಾ” ಎಂದದ್ದು ನಮ್ಮ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ. ಅವರು ಕೆಟ್ಟವರಲ್ಲ. ಒಂದು ಶಾಲೆಯ ಆಡಳಿತ ಮಂಡಳಿಯಲ್ಲಿದ್ದು ಕಷ್ಟ ಕಂಡವರು. ಮರುಪಾವತಿಯ ಹಣ ವರ್ಷಗಟ್ಟಲೆ ಬಾರದೆ, ಶಿಕ್ಷಕರ ಸಂಬಳಕ್ಕೆ ಪರದಾಡಿದವರು. ಅವರ ಕಷ್ಟ ನಿಜ. ಆದರೂ ಬಡ ಮಗುವಿನ ಪ್ರವೇಶವನ್ನು ಕಾಟವೆಂದು ಕರೆಯುವಷ್ಟು ದೂರ ನಮ್ಮ ಸಮಾಜ ಬಂದುಬಿಟ್ಟಿತೇ ಎಂಬ ಪ್ರಶ್ನೆ ನಮ್ಮನ್ನು ಕಾಡಿತು.

ನಮ್ಮ ಸಂಸ್ಥೆಗಳು ಹುಟ್ಟಿದ ಬಗೆಯನ್ನು ನೆನೆಯೋಣ. ೧೯೧೬ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಕಟ್ಟಿದವರು ಏಳು ಜನ ಶಿಕ್ಷಕರು, ಧನಿಕರಲ್ಲ. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳು ಹಳ್ಳಿಯ ಬಡ ಹುಡುಗರಿಗೆ ಮೈಸೂರಿನಲ್ಲಿ ಊಟ, ವಸತಿ ಕೊಡುವುದರಿಂದ ಮೊದಲುಮಾಡಿ, ೧೯೫೪ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠವನ್ನು ಸ್ಥಾಪಿಸಿದರು. ನಮ್ಮ ಮಂಡ್ಯ ಸೀಮೆಯ ಎಷ್ಟೋ ಮನೆಗಳಲ್ಲಿ ಆ ಪ್ರಸಾದದ ಋಣವಿದೆ. ೧೯೦೭ರಲ್ಲಿ ಜನಿಸಿ ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ಬೆಳೆದರು. ಅಲ್ಲಿ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ಯಾವ ಕಾಯ್ದೆ ಅವರನ್ನು ಶೇಕಡಾ ೨೫ ಎಂದು ಕಟ್ಟಿಹಾಕಿತ್ತು? ಅವರು ಇಟ್ಟದ್ದು ಶೇಕಡಾ ನೂರು. ನಮ್ಮ ನೆರೆಯ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠವೂ ಅನ್ನ, ಅಕ್ಷರಗಳ ಈ ದಾರಿಯಲ್ಲೇ ನಡೆದು ಹಳ್ಳಿಯ ಮಕ್ಕಳಿಗೆ ಆಸರೆಯಾಗಿದೆ.

ಬಸವಾದಿ ಶರಣರು ಕಾಯಕದಿಂದ ಯಾರಿಗೂ ವಿನಾಯಿತಿ ಕೊಡಲಿಲ್ಲ. ಗುರುವಾದರೂ ಜಂಗಮನಾದರೂ ಕಾಯಕ ಮಾಡಲೇಬೇಕೆಂದರು. ದಾಸೋಹದಿಂದಲೂ ವಿನಾಯಿತಿ ಕೊಡಲಿಲ್ಲ. ಇಂಥ ಧರ್ಮವನ್ನು ನಂಬಿದವರು ತಮ್ಮ ಶಾಲೆಗೆ ದಾಸೋಹದಿಂದ ವಿನಾಯಿತಿ ಸಿಕ್ಕಿತೆಂದು ಸಂತೋಷಪಡುವುದು ಹೇಗೆ? ಅಲ್ಪಸಂಖ್ಯಾತರ ಸ್ಥಾನ ನಾಳೆ ದೊರೆಯಲಿ, ದೊರೆಯದಿರಲಿ. ಊರಿನಲ್ಲಿ ಸರ್ಕಾರಿ ಶಾಲೆ ಇರಲಿ, ಇಲ್ಲದಿರಲಿ. ನಮ್ಮ ಮಠಗಳ, ಸಂಘಗಳ ಶಾಲೆಗಳು ನೆರೆಹೊರೆಯ ಬಡ ಮಕ್ಕಳಿಗೆ ನಾಲ್ಕರಲ್ಲೊಂದು ಸೀಟನ್ನು ತಾವಾಗಿಯೇ ಇಡಬಹುದಲ್ಲವೇ? ಕಾನೂನು ಬಿಟ್ಟರೂ ಧರ್ಮ ಬಿಡುವುದಿಲ್ಲವೆಂದು ತೋರಿಸಬಹುದಲ್ಲವೇ? ಹೀಗೆ ಮಾಡುವ ಸಂಸ್ಥೆಗಳು ನಮ್ಮಲ್ಲಿ ಇಲ್ಲವೆಂದಲ್ಲ. ಅದು ಕೆಲವರ ಔದಾರ್ಯವಾಗಿರದೆ ಎಲ್ಲರ ನಿಯಮವಾಗಬೇಕೆಂಬುದು ನಮ್ಮ ಆಸೆ.

ಕುಟುಂಬಗಳಿಗೂ ಒಂದು ಮಾತು. ಎಲ್ಲರೂ ನಾಳೆಯೇ ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿರೆಂದು ಹೇಳುವಷ್ಟು ಸರಳವಾದ ಕಾಲ ಇದಲ್ಲ. ಪ್ರತಿ ಮನೆಗೂ ಅದರ ಚಿಂತೆ ಇದೆ. ಆದರೆ ನಮ್ಮ ಮಗು ಓದದ ಶಾಲೆಯೂ ನಮ್ಮ ಊರಿನ ಶಾಲೆಯೇ. ಅದರ ಎಸ್‌ಡಿಎಂಸಿ ಸಭೆ ಯಾವತ್ತು ನಡೆಯುತ್ತದೆಂದು ತಿಳಿದುಕೊಂಡು, ಸದಸ್ಯರಲ್ಲದಿದ್ದರೂ ಅವರ ಜೊತೆ ಕಛೇರಿಗೆ ಹೋಗಿ ನಿಲ್ಲಬಹುದು. ಮೂರನೆಯ ಶಿಕ್ಷಕರ ಹುದ್ದೆ ಹೋಗುವ ಮುನ್ನ ಊರವರೆಲ್ಲ ಸಹಿ ಹಾಕಿ ಮನವಿ ಕೊಡಬಹುದು. ಮನೆಯಲ್ಲಿ ಮದುವೆ, ಗೃಹಪ್ರವೇಶ, ಹಿರಿಯರ ಪುಣ್ಯಸ್ಮರಣೆ ನಡೆದಾಗ ಅದರ ಒಂದು ಪಾಲು ಶಾಲೆಯ ನೀರಿನ ತೊಟ್ಟಿಗೋ ಪುಸ್ತಕದ ಬೀರುವಿಗೋ ಹೋಗಬಹುದು. ಓದು ಮುಗಿಸಿ ಕೆಲಸಕ್ಕೆ ಕಾದಿರುವ ಮಗಳೋ ಸೊಸೆಯೋ ವಾರದಲ್ಲಿ ಎರಡು ಸಂಜೆ ಆ ಮಕ್ಕಳಿಗೆ ಇಂಗ್ಲಿಷನ್ನೋ ಗಣಿತವನ್ನೋ ಹೇಳಿಕೊಡಬಹುದು. ಇವು ಸಣ್ಣ ಕೆಲಸಗಳು. ಶಿಕ್ಷಕರನ್ನು ಕೊಡುವ ಸರ್ಕಾರದ ಹೊಣೆಯನ್ನು ಇವು ತೀರಿಸಲಾರವು, ತೀರಿಸಲೂಬಾರದು. ಕೇಳುವ ದನಿಯನ್ನು ಮಾತ್ರ ಶಾಲೆಗೆ ಮರಳಿ ಕೊಟ್ಟಾವು.

ಸರ್ಕಾರದ ಮುಂದೆ ನಮ್ಮ ಬಿನ್ನಹ ಇಷ್ಟೇ. ಮುಂದೆ ಯಾವ ಶಾಲೆಗೆ ಯಾವ ನಿಯಮದಿಂದ ವಿನಾಯಿತಿ ಕೊಡುವಾಗಲೂ ಅದೇ ಕಾಗದದಲ್ಲಿ ಇನ್ನೊಂದು ಸಾಲು ಬರೆಯಲಿ: ಈ ಹೊಣೆ ಇನ್ನು ಯಾರ ಮೇಲೆ ಬೀಳುತ್ತದೆ, ಅದನ್ನು ಹೊರಲು ಅವರಿಗೆ ಏನನ್ನು ಕೊಡಲಾಗಿದೆ? ಆ ಸಾಲನ್ನು ಬರೆಯಲಾಗದಿದ್ದರೆ ವಿನಾಯಿತಿಯನ್ನು ಕೊಡದಿರಲಿ. ನಮ್ಮ ಸಮಾಜದ ಸಂಸ್ಥೆಗಳಾದರೋ ಆ ಸಾಲಿಗಾಗಿ ಕಾಯಬೇಕಾಗಿಲ್ಲ. ಬರುವ ಜೂನ್‌ನಲ್ಲಿ ಶಾಲೆಗಳ ಬಾಗಿಲು ತೆರೆದಾಗ, ಕೇಳಿ ಬಂದ ತಾಯಿಗೆ “ನಿಮ್ಮೂರಲ್ಲೇ ಸರ್ಕಾರಿ ಶಾಲೆ ಇದೆಯಲ್ಲ” ಎನ್ನದೆ “ಬನ್ನಿ ತಾಯಿ, ಮಗುವಿನ ಹೆಸರೇನು?” ಎಂದು ಕೇಳಿದರೆ ಸಾಕು. ದಾಸೋಹ ಅಲ್ಲಿಂದಲೇ ಆರಂಭವಾಗುತ್ತದೆ.